ಗುಡ್ಡದ ಮ್ಯಾಲಿನ ಸೈಟ್‌ನ್ಯಾಗ ಜನರೇಟರ್ ತಾನ ಚಾಲೂ ಆಗಂಗ ಮಾಡೋದು ಹೆಂಗ

ಹುಬ್ಬಳ್ಳಿಂದ ಗದಗ 60 ಕಿಲೋಮೀಟರ್ ಆಸುಪಾಸು, ಅಲ್ಲಿಂದ ಡಂಬಳದ ರಸ್ತೆ ಹಿಡದು ಹೋದ್ರ ಕಪ್ಪತಗುಡ್ಡದ ಸೆರಗಿನ್ಯಾಗ ಒಂದು ದಿನ್ನಿ ಮ್ಯಾಲೆ ನಾ ನೋಡ್ಕೊಳ್ಳೋ ರಿಪೀಟರ್ ಸೈಟ್, ಅಂದ್ರ ಸಿಗ್ನಲ್ ಹಿಡದು ಮುಂದಕ್ಕ ಕಳಿಸೋ ಜಾಗಾ, ಐತ್ರಿ. ಒಂದು ಟವರ್, ಒಂದು ಶೆಡ್, ಶೆಡ್ ಒಳಗ 48 ವೋಲ್ಟ್ ಪವರ್ ಪ್ಲಾಂಟ್ (ಎಸಿ ಕರೆಂಟನ್ನ ಡಿಸಿ ಮಾಡಿ ಉಪಕರಣಕ್ಕ ಕೊಟ್ಟು ಬ್ಯಾಟರಿನೂ ತುಂಬೋ ಪೆಟ್ಟಿಗಿ) ಮತ್ತ ಬ್ಯಾಟರಿ ಬ್ಯಾಂಕ್, ಹೊರಗ 15 ಕೆವಿಎ ಡೀಸೆಲ್ ಜನರೇಟರ್, ಇಷ್ಟ. ಮೊದಲೆಲ್ಲಾ ಕರೆಂಟ್ ಹೋತಂದ್ರ ಕೆಳಗಿನ ಊರಾಗಿರೋ ವಾಚ್‌ಮನ್ ಕಾಕಾ ಟಾರ್ಚ್ ಹಿಡ್ಕೊಂಡು, ಮಳಿ ಇದ್ರ ಗೊಬ್ಬರದ ಚೀಲ ಕೊಪ್ಪಿ ಮಾಡಿ ತಲಿ ಮ್ಯಾಲೆ ಹಾಕ್ಕೊಂಡು ದಿನ್ನಿ ಏರಿ ಬಂದು ಚಾವಿ ತಿರುವಿ ಮಷೀನ್ ಚಾಲೂ ಮಾಡ್ತಿದ್ರು, ಕರೆಂಟ್ ಬಂದ ಮ್ಯಾಲೆ ಮತ್ತ ಏರಿ ಬಂದು ಬಂದ್ ಮಾಡ್ತಿದ್ರು. ಅವರಿಗೆ ಅರವತ್ತು ದಾಟೈತಿ. ರಾತ್ರಿ ಆ ಕಲ್ಲಿನ್ಯಾಗ ಅವರು ಎಡವಿ ಬೀಳಬಾರ್ದು ಅನ್ನೋದ ನಾ ಈ ಕೆಲಸಕ್ಕ ಕೈ ಹಚ್ಚಿದ ಮೊದಲ್ನೇ ಕಾರಣ. ಮಾಡ್ತಾ ಮಾಡ್ತಾ ತಪ್ಪು ಮಾಡೀನಿ, ತಿದ್ದೀನಿ, ಈಗ ಎರಡು ವರ್ಷದಿಂದ ಛಲೋ ನಡದೈತಿ, ಹಂಗಾಗಿ ನನಗ ಗೊತ್ತಿದ್ದಷ್ಟು ಇಲ್ಲಿ ಬರೀತೀನಿ. ನಿಮ್ಮದು ಟವರ್ ಇರ್ಲಿ, ಹೊಳಿ ದಂಡಿ ಮ್ಯಾಲಿನ ನೀರಿನ ಪಂಪ್‌ಹೌಸ್ ಇರ್ಲಿ, ಲೆಕ್ಕ ಬಹುತೇಕ ಇದ ಆಗ್ತೈತಿ.

ಒಂದು ಮಾತು ಮೊದಲ ಹೇಳಿಬಿಡ್ತೀನಿ. ಸಾಮಾನು ಖರೀದಿ ಮಾಡೋಕಿಂತ ಮುಂಚೆ ಒಂದು ಹಾಳಿ ತಗೊಂಡು ಕೂಡ್ರಿ, ಅದರಾಗ ಬರೀರಿ: ನಡುರಾತ್ರಿ ನನಗ ಫೋನ್ ಬಂದ್ರ ನಾ ಸೈಟ್ ಮುಟ್ಟಾಕ ಎಷ್ಟು ತಾಸು ಬೇಕು, ಮುಟ್ಟಿ ರಿಪೇರಿ ಮಾಡಾಕ ಎಷ್ಟು ತಾಸು ಬೇಕು. ನನಗ ಎದ್ದು ಗಾಡಿ ತಗದು ದಿನ್ನಿ ಮುಟ್ಟಾಕ ಎರಡು ತಾಸು, ಮಳಿಗಾಲದಾಗ ಎರಡೂವರಿ, ರಿಪೇರಿಗೆ ಒಂದು ತಾಸು ಹಿಡೀರಿ, ಅಂದ್ರ ಮೂರೂವರಿ. ಆಟೋಮ್ಯಾಟಿಕ್ ಮಾಡಿದ್ರೂ ಮಷೀನ್ ಒಂದಿಲ್ಲ ಒಂದಿನ ಚಾಲೂ ಆಗಂಗಿಲ್ಲ, ಅದು ಖಂಡಿತ, ಆವತ್ತು ನಾ ಹೋಗಿ ಮುಟ್ಟೋತನಕ ಬ್ಯಾಟರಿ ಬ್ಯಾಂಕ್ ಸೈಟ್ ಹಿಡ್ಕೊಂಡು ನಿಂತಿರಬೇಕು. ಮುಂದ ನಾ ಹೇಳೋ ಸೆಟ್ಟಿಂಗ್ ಎಲ್ಲಾ ಈ ಮೂರೂವರಿ ತಾಸಿಗೆ ಹೊಂದಿಸಿದ್ದು, ನಿಮ್ಮ ಲೆಕ್ಕ ಬ್ಯಾರೆ ಬಂದ್ರ ಸೆಟ್ಟಿಂಗ್‌ನೂ ಬ್ಯಾರೆ ಆಗ್ತಾವು.

ಮಷೀನ್ ಯಾವಾಗ ಚಾಲೂ ಆಗಬೇಕು

ಇದಕ್ಕ ಎರಡು ದಾರಿ ಅದಾವು. ಕರೆಂಟ್ ಹೋದ ಕೂಡ್ಲೆ ಚಾಲೂ ಮಾಡೋದು ಒಂದು, ಬ್ಯಾಟರಿ ಬ್ಯಾಂಕ್ ಇಳದ ಮ್ಯಾಲೆ ಚಾಲೂ ಮಾಡೋದು ಇನ್ನೊಂದು. ಪಂಪ್, ಮೋಟರ್, ಕೋಲ್ಡ್ ರೂಮ್ ಇಂಥದ್ದು ನೇರ ಎಸಿ ಮ್ಯಾಲೆ ನಡೆಯೋ ಸೈಟ್ ಆದ್ರ ಮೊದಲ್ನೇ ದಾರಿನ, ಬ್ಯಾರೆ ಉಪಾಯ ಇಲ್ಲ. ಆದ್ರ ಟವರ್ ಸೈಟ್‌ನ್ಯಾಗ ಉಪಕರಣ ಎಲ್ಲಾ 48 ವೋಲ್ಟ್ ಡಿಸಿ ಮ್ಯಾಲೆ ನಡೀತಾವು, ನಡುವ ಬ್ಯಾಟರಿ ಇರೋದ್ರಿಂದ ಕರೆಂಟ್ ಹೋದದ್ದು ಅವಕ್ಕ ಗೊತ್ತ ಆಗಂಗಿಲ್ಲ. ನಾ ಮೊದಲ್ನೇ ತಿಂಗಳು ಗಡಬಡಿ ಮಾಡಿ ಕರೆಂಟ್ ಹೋದ 2 ಸೆಕೆಂಡಿಗೆ ಚಾಲೂ ಆಗಂಗ ಇಟ್ಟಿದ್ದೆ. ಆಷಾಢದ ಗಾಳಿ, ಗುಡ್ಡದ ಸಾಲಿನ್ಯಾಗ ಗಾಳಿ ಹೆಂಗಿರ್ತೈತಿ ಅಂದ್ರ ಅಲ್ಲಿ ವಿಂಡ್‌ಮಿಲ್ ಸುಮ್ಮನ ನಿಲ್ಲಿಸಿಲ್ಲ, ಎಲ್ಲೋ ಟೊಂಗಿ ವೈರಿಗೆ ತಾಗಿ ಕರೆಂಟ್ ಹೋಗೋದು ಬರೋದು ನಡದಿತ್ತು, ಒಂದ ಸಂಜಿಯೊಳಗ ಮಷೀನ್ 11 ಸಲ ಚಾಲೂ ಆಗಿ ಬಂದ್ ಆಗಿತ್ತು. ಹಂಗ ಆದ್ರ ಎಂಜಿನ್ ತಿರುವಿ ಚಾಲೂ ಮಾಡೋ ಸೆಲ್ಫ್ ಮೋಟರ್ ಹಾಳು, ಬ್ಯಾಟರಿ ಹಾಳು, ಎಂಜಿನ್ ಬಿಸಿನ ಆಗ್ದ ನಿಂತು ನಿಂತು ಒಳಗ ಮಸಿ.

ಆಮ್ಯಾಲೆ ಬ್ಯಾಂಕ್ ವೋಲ್ಟೇಜ್ ನೋಡಿ ಚಾಲೂ ಮಾಡೋ ದಾರಿಗೆ ಬಂದೆ. ಲೆಡ್ ಆಸಿಡ್ ಬ್ಯಾಂಕ್ ಅಂದ್ರ 2 ವೋಲ್ಟಿನ 24 ಸೆಲ್, ಫ್ಲೋಟ್‌ನ್ಯಾಗ, ಅಂದ್ರ ತುಂಬಿ ಚಾರ್ಜರ್ ಮ್ಯಾಲೆ ನಿಂತಾಗ, 54 ವೋಲ್ಟ್ ಆಸುಪಾಸು ಇರ್ತೈತಿ, ಸೆಲ್ಲಿಗೆ 1.8 ಹಿಡದ್ರ 43.2 ವೋಲ್ಟಿಗೆ ಬ್ಯಾಟರಿ ತಳ ಮುಟ್ಟಿತು ಅಂತ ಲೆಕ್ಕ, ಅಲ್ಲಿಗೆ ಪವರ್ ಪ್ಲಾಂಟ್ ಲೋಡ್ ಕಟ್ ಮಾಡ್ತೈತಿ. ನನ್ನದು 200 ಎಎಚ್ (ಆಂಪಿಯರ್-ತಾಸು) ಬ್ಯಾಂಕ್, ಉಪಕರಣದ ಲೋಡ್ 20 ಆಂಪಿಯರ್, ಕಾಗದದ ಮ್ಯಾಲೆ 10 ತಾಸು, ಹಳೇದಾದ ಬ್ಯಾಟರಿ ಅಂತ 8 ತಾಸು ನಂಬ್ರಿ. ನಾ 47.5 ವೋಲ್ಟಿಗೆ ಚಾಲೂ ಆಗಂಗ ಇಟ್ಟೀನಿ, ಲೋಡ್ ಮ್ಯಾಲೆ ಅಷ್ಟಕ್ಕ ಬಂದಾಗ ಸುಮಾರು ನಾಲ್ಕು ತಾಸಿನ ಜೀವ ಉಳದಿರ್ತೈತಿ, ನನ್ನ ಮೂರೂವರಿ ತಾಸಿಗೆ ಸಾಕು. ಇದನ್ನ ನಂಬಿಕಿ ಮ್ಯಾಲೆ ಬಿಡಬ್ಯಾಡ್ರಿ, ಒಂದು ರವಿವಾರ ಮುಂಜಾನೆ ಹೋಗಿ ಮೇನ್ ಎಂಸಿಬಿ ಇಳಿಸಿ ಅರ್ಧ ಅರ್ಧ ತಾಸಿಗೆ ವೋಲ್ಟೇಜ್ ಬರಕೋತ ಕೂಡ್ರಿ, ನಿಮ್ಮ ಬ್ಯಾಟರಿ ಖರೇನ ಎಷ್ಟು ತಾಸು ಬರ್ತೈತಿ ಅನ್ನೋದು ಅವತ್ತ ಗೊತ್ತಾಗ್ತೈತಿ. ಲಿಥಿಯಂ ಬ್ಯಾಟರಿ ಇದ್ದವರು ವೋಲ್ಟೇಜ್ ನಂಬಾಕ ಹೋಗಬ್ಯಾಡ್ರಿ, ಅದು ಕೊನೀತನಕ ಇದ್ದಂಗ ಇದ್ದು ಒಮ್ಮಿಗೇ ಬೀಳ್ತೈತಿ, ಅದರ ಒಳಗಿನ ಕಾವಲು ಸರ್ಕ್ಯೂಟ್, ಬಿಎಂಎಸ್, ಕೊಡೋ ಪರ್ಸೆಂಟ್ ನೋಡಿ ಚಾಲೂ ಮಾಡ್ರಿ.

ಈ ವೋಲ್ಟೇಜ್ ಸುದ್ದಿ ಜನರೇಟರ್ ಪ್ಯಾನಲ್‌ಗೆ ಮುಟ್ಟಿಸೋದು ಸರಳ ಐತಿ. ಬಹಳಷ್ಟು ಪವರ್ ಪ್ಲಾಂಟ್‌ನ್ಯಾಗ ಬ್ಯಾಟರಿ ಲೋ ಅಲಾರಾಂಗೆ ಒಂದು ಖಾಲಿ ರಿಲೇ ಕಾಂಟ್ಯಾಕ್ಟ್ ಇರ್ತೈತಿ, ವೋಲ್ಟೇಜ್ ಇಲ್ಲದ ಬರೇ ಕೂಡೋ ಬಿಡೋ ಕಾಂಟ್ಯಾಕ್ಟ್, ಅದರಿಂದ ಎರಡು ವೈರ್ ಎಳದು ಜನರೇಟರ್ ಚಾಲೂ ಬಂದ್ ಮಾಡೋ ಕಂಟ್ರೋಲರ್‌ನ ರಿಮೋಟ್ ಸ್ಟಾರ್ಟ್ ಇನ್‌ಪುಟ್‌ಗೆ ಕೊಡ್ರಿ. ಕಾಂಟ್ಯಾಕ್ಟ್ ಕೂಡಿದ್ರ ಚಾಲೂ, ಬಿಟ್ರ ಬಂದ್. ಟೆಲಿಕಾಂ ಪ್ಲಾಂಟ್‌ನ್ಯಾಗ ಪಾಸಿಟಿವ್ ಅರ್ಥ್ ಆಗಿರ್ತೈತಿ, ಜನರೇಟರ್ ಬ್ಯಾಟರಿಯೊಳಗ ನೆಗೆಟಿವ್ ಬಾಡಿಗೆ ಹೋಗಿರ್ತೈತಿ, ಹಂಗಾಗಿ 48 ವೋಲ್ಟಿನ ಯಾವುದ ವೈರ್ ನೇರ ಕಂಟ್ರೋಲರ್‌ಗೆ ಕೊಡಬ್ಯಾಡ್ರಿ, ನಡುವ ರಿಲೇ ಇರ್ಲೇಬೇಕು. ಬಂದ್ ಮಾಡೋ ಹೊತ್ತಿಗೂ ಲಕ್ಷ್ಯ ಕೊಡ್ರಿ, ವೋಲ್ಟೇಜ್ 54 ಮುಟ್ಟಿದ ಕೂಡ್ಲೆ ಬಂದ್ ಮಾಡಿದ್ರ ಬ್ಯಾಟರಿ ಪೂರ್ತಿ ತುಂಬಿರಂಗಿಲ್ಲ, ಚಾರ್ಜರ್ ಹಚ್ಚಿದ ಸ್ವಲ್ಪ ಹೊತ್ತಿಗೇ ವೋಲ್ಟೇಜ್ ಏರಿ ನಿಂತುಬಿಡ್ತೈತಿ. ಚಾರ್ಜಿಂಗ್ ಕರೆಂಟ್ ಇಳಿಯೋದನ್ನ ನೋಡಿ ಬಂದ್ ಮಾಡೋ ಸೌಲತ್ತು ನಿಮ್ಮ ಪ್ಲಾಂಟ್‌ನ್ಯಾಗ ಇದ್ರ ಅದನ್ನ ಬಳಸ್ರಿ, ಇಲ್ಲಂದ್ರ ಕಡಿಮಿ ಅಂದ್ರ ಇಷ್ಟು ತಾಸು ನಡೀಬೇಕು ಅಂತ ಟೈಮರ್ ಹಾಕ್ರಿ.

ಇಲ್ಲೊಂದು ಲೆಕ್ಕ ಮರೆಯೋದು ಬ್ಯಾಡ. 15 ಕೆವಿಎ ಅಂದ್ರ 0.8 ಪವರ್ ಫ್ಯಾಕ್ಟರ್‌ಗೆ 12 ಕಿಲೋವ್ಯಾಟ್, ಡೀಸೆಲ್ ಎಂಜಿನ್ 30 ಪರ್ಸೆಂಟಿಗಿಂತ ಕಡಿಮಿ ಲೋಡ್ ಮ್ಯಾಲೆ ದಿನಾ ನಡದ್ರ ಡೀಸೆಲ್ ಪೂರ್ತಿ ಉರಿಯಂಗಿಲ್ಲ, ಸೈಲೆನ್ಸರ್‌ನಿಂದ ಕರಿ ಎಣ್ಣಿ ಸೋರಾಕ ಹತ್ತತೈತಿ. 30 ಪರ್ಸೆಂಟ್ ಅಂದ್ರ 3.6 ಕಿಲೋವ್ಯಾಟ್. ನನ್ನ ಚಾರ್ಜಿಂಗ್ ಲಿಮಿಟ್ ಮೊದಲ 20 ಆಂಪಿಯರ್ ಇತ್ತು, ಉಪಕರಣದ 20 ಕೂಡಿಸಿದ್ರ 40 ಆಂಪಿಯರ್, 54 ವೋಲ್ಟಿಗೆ 2 ಕಿಲೋವ್ಯಾಟ್ ಸ್ವಲ್ಪ ಮ್ಯಾಲೆ, ಅಂದ್ರ ಮಷೀನ್ ಬಹುತೇಕ ಖಾಲಿ ಓಡ್ತಿತ್ತು. ಬ್ಯಾಟರಿ ಕಂಪನಿಯ ಕಾಗದ ನೋಡಿದೆ, 40 ಆಂಪಿಯರ್ ತನಕ ತಡೀತೈತಿ ಅಂತಿತ್ತು, ಲಿಮಿಟ್ ಏರಿಸಿದೆ, ಈಗ ಲೋಡ್ 30 ಪರ್ಸೆಂಟಿನ ಹತ್ರ ಬಂತು, ಬ್ಯಾಟರಿ ತುಂಬೋ ಹೊತ್ತು ಅರ್ಧಕ್ಕ ಇಳೀತು, ಡೀಸೆಲ್‌ನೂ ಉಳೀತು. ನಿಮ್ಮ ಬ್ಯಾಟರಿ ಕಾಗದ ನೋಡ್ದ ಹಿಂಗ ಏರಿಸಬ್ಯಾಡ್ರಿ, ಸೆಲ್ ಉಬ್ಬತಾವು.

ಕಂಟ್ರೋಲರ್

ಟೈಮರ್ ಎರಡು, ರಿಲೇ ನಾಲ್ಕು ತಗೊಂಡು ನಾನ ಮಾಡ್ತೀನಿ ಅನ್ನೋ ಹುಡುಗರು ಭಾಳ ಮಂದಿ ಅದಾರ, ಅವರ ಉಮೇದಿ ನನಗ ತಿಳೀತೈತಿ, ನಾನೂ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನ ಒಂದು ವರ್ಕ್‌ಶಾಪ್‌ನ್ಯಾಗ ಕುಂತು ಹಂಗ ಮಾಡಿ ನೋಡೀನಿ. ಕಷ್ಟ ಎಲ್ಲಿ ಬರ್ತೈತಿ ಅಂದ್ರ, ಎಂಜಿನ್ ಹಿಡದ ಕೂಡ್ಲೆ ಸೆಲ್ಫ್ ಬಿಡಿಸಬೇಕು. ಟೈಮರ್‌ಗೆ ಎಂಜಿನ್ ಹಿಡದದ್ದು ಗೊತ್ತಾಗಂಗಿಲ್ಲ, 6 ಸೆಕೆಂಡ್ ಅಂದ್ರ 6 ಸೆಕೆಂಡ್ ಒತ್ತಿ ಹಿಡೀತೈತಿ, ಬ್ಯಾಸಗಿಯೊಳಗ 1 ಸೆಕೆಂಡಿಗೇ ಎಂಜಿನ್ ಹಿಡದಿರ್ತೈತಿ, ಉಳದ 5 ಸೆಕೆಂಡ್ ಸೆಲ್ಫ್‌ನ ಹಲ್ಲು ಫ್ಲೈವ್ಹೀಲ್ ಸಂಗಾಟ ತಿಕ್ಕಾಡ್ತೈತಿ. ಜನರೇಟರ್‌ಗೇ ಅಂತ ಮಾಡಿದ ಕಂಟ್ರೋಲರ್ ಫ್ರೀಕ್ವೆನ್ಸಿ ನೋಡ್ತೈತಿ. ನಮ್ಮ ಮಷೀನ್ 1500 ಸುತ್ತಿಗೆ 50 ಹರ್ಟ್ಸ್ ಕೊಡ್ತೈತಿ, ಅಂದ್ರ 20 ಹರ್ಟ್ಸ್ ಕಂಡ್ರ 600 ಸುತ್ತು ಆತು, ಬರೇ ಸೆಲ್ಫ್ ತಿರುವಿದ್ರ ಅಷ್ಟು ಸುತ್ತು ಬರಾಕ ಸಾಧ್ಯ ಇಲ್ಲ, ಎಂಜಿನ್ ಹಿಡೀತು ಅಂತ ತಿಳ್ಕೊಂಡು ಆ ಕ್ಷಣಕ್ಕ ಸೆಲ್ಫ್ ಬಿಡ್ತೈತಿ. ಡೀಪ್ ಸೀ, ಕಾಮ್‌ಆಪ್, ಸ್ಮಾರ್ಟ್‌ಜೆನ್ ಹಿಂಗ ಸಾಕಷ್ಟು ಕಂಪನಿದು ಸಿಗ್ತಾವು, ಯಾವುದ ಇರ್ಲಿ, ಮೇನ್ಸ್ (ಹೊರಗಿನ ಲೈನಿನ ಕರೆಂಟ್) ವೋಲ್ಟೇಜ್ ನೋಡಿ ಅದು ಹೋದದ್ದು ತಾನ ತಿಳ್ಕೊಳ್ಳೋ ಎಎಂಎಫ್ ಮಾದರಿ ತಗೋರಿ, ಮತ್ತ ಹೊರಗ ಮಾಹಿತಿ ಕಳಿಸೋ ಆರ್‌ಎಸ್485 ಪೋರ್ಟ್ ಇರೋದು ತಗೋರಿ, ಈಗ ಬ್ಯಾಡ ಅನಿಸಿದ್ರೂ ಮುಂದ ಬೇಕಾಗ್ತೈತಿ.

ವೈರಿಂಗ್ ಮಾಡೋ ಮುಂಚೆ ನಿಮ್ಮ ಎಂಜಿನ್ ಹೆಂಗ ಬಂದ್ ಆಗ್ತೈತಿ ಅನ್ನೋದು ನೋಡ್ರಿ, ಇಲ್ಲೇ ಭಾಳ ಮಂದಿ ತಪ್ಪೋದು. ಕರೆಂಟಿಲೆ ಡೀಸೆಲ್ ಬಿಡೋ ತಡೆಯೋ ಸೊಲೆನಾಯ್ಡ್‌ನ್ಯಾಗ ಎರಡು ಜಾತಿ. ಒಂದು ಕರೆಂಟ್ ಕೊಟ್ಟಷ್ಟು ಹೊತ್ತು ಡೀಸೆಲ್ ಬಿಡ್ತೈತಿ, ವೈರ್ ಕಡೀತು ಅಂದ್ರ ಎಂಜಿನ್ ನಿಂತುಬಿಡ್ತೈತಿ. ಇನ್ನೊಂದಕ್ಕ ಕರೆಂಟ್ ಕೊಟ್ರ ಎಂಜಿನ್ ನಿಲ್ತೈತಿ, ಹಳೇ ಮಷೀನ್‌ನ್ಯಾಗ ಕೈಲೆ ಎಳೆಯೋ ಲಿವರ್ ಇರ್ತೈತಲ್ಲ, ಅದನ್ನ ಎಳೆಯಾಕ ಹಚ್ಚಿದ ಸೊಲೆನಾಯ್ಡ್ ಇದು. ಈ ಎರಡನೇ ಜಾತಿಯೊಳಗ ವೈರ್ ಕಡದ್ರ ಅಥವಾ ಬ್ಯಾಟರಿ ಸತ್ರ ಮಷೀನ್ ಬಂದ್ ಮಾಡಾಕ ಕಂಟ್ರೋಲರ್ ಕೈಲೆ ಆಗಂಗಿಲ್ಲ, ಆಯಿಲ್ ಪ್ರೆಶರ್ ಇಳದ್ರೂ ಓಡಕೋತ ಹೋಗಿ ಎಂಜಿನ್ ಜಾಮ್ ಆಗ್ತೈತಿ. ಆಳಿಲ್ಲದ ಸೈಟಿಗೆ ಮೊದಲ್ನೇ ಜಾತಿನ ಹಾಕ್ರಿ, ರೊಕ್ಕ ಸ್ವಲ್ಪ ಹೋದ್ರ ಹೋಗ್ಲಿ. ಎರಡನೇದ್ದ ಇಟ್ಟುಕೊಳ್ಳೋದಾದ್ರ ಕಂಟ್ರೋಲರ್‌ನ್ಯಾಗ ಸ್ಟಾಪ್ ಹೋಲ್ಡ್ 20 ಸೆಕೆಂಡ್ ಮಾಡ್ರಿ, ಎಂಜಿನ್ ಪೂರ್ತಿ ನಿಲ್ಲೋ ಮುಂಚೆ ಸೊಲೆನಾಯ್ಡ್ ಬಿಟ್ರ ಮತ್ತ ಹಿಡ್ಕೊಂಡು ಓಡ್ತೈತಿ.

2023ರ ಜುಲೈ 1ರ ನಂತರ ಬಂದ ಸಿಪಿಸಿಬಿ 4 ಪ್ಲಸ್ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗಿ) ನಿಯಮದ ಹೊಸ ಮಷೀನ್ ಇದ್ರ ಲೆಕ್ಕ ಸ್ವಲ್ಪ ಬ್ಯಾರೆ. ಭಾಳಷ್ಟರಾಗ ಎಂಜಿನ್ ಕಂಪ್ಯೂಟರ್ ಇರ್ತೈತಿ, ಅಲ್ಲಿ ಸೆಲ್ಫ್ ವೈರ್ ಕಡದು ನಡುವ ರಿಲೇ ತುರುಕಾಕ ಹೋಗಬ್ಯಾಡ್ರಿ, ಕ್ಯಾನ್ ಅನ್ನೋ ಡೇಟಾ ಕೇಬಲ್ ಮ್ಯಾಲೆ ಮಾತಾಡೋ ಕಂಟ್ರೋಲರ್ ಸಂಗಾಟನ ಬಂದಿರ್ತೈತಿ, ಅದರ ರಿಮೋಟ್ ಸ್ಟಾರ್ಟ್ ಟರ್ಮಿನಲ್ ಹುಡುಕಿ ನಿಮ್ಮ ಎರಡು ವೈರ್ ಕೊಟ್ರ ಮುಗೀತು, ವಾರಂಟಿನೂ ಉಳೀತೈತಿ.

ಕಂಟ್ರೋಲರ್‌ನ ಔಟ್‌ಪುಟ್ ಸಣ್ಣ ಕರೆಂಟಿಂದು, ಅದರಿಂದ ನೇರ ಸೆಲ್ಫ್ ಸೊಲೆನಾಯ್ಡ್ ಎಳೆಯಾಕ ಹಚ್ಚಿದ್ರ ಕಂಟ್ರೋಲರ್ ಸುಡ್ತೈತಿ. ನಡುವ ಲಾರಿ, ಟ್ರ್ಯಾಕ್ಟರ್‌ಗೆ ಹಾಕೋ 12 ವೋಲ್ಟ್ 70 ಆಂಪಿಯರ್ ರಿಲೇ ಒಂದು ಹಾಕ್ರಿ, ಕಾಯಿಲ್‌ಗೆ ಅಡ್ಡ ಒಂದು ಡಯೋಡ್ ಹಾಕ್ರಿ. ಆಯಿಲ್ ಪ್ರೆಶರ್ ಸ್ವಿಚ್, ನೀರಿನ ಎಂಜಿನ್ ಆದ್ರ ಟೆಂಪರೇಚರ್ ಸ್ವಿಚ್, ಡೀಸೆಲ್ ಲೆವೆಲ್ ಸೆಂಡರ್, ಎಮರ್ಜೆನ್ಸಿ ಬಟನ್, ಇವು ನಾಲ್ಕೂ ಕಂಟ್ರೋಲರ್‌ಗೆ ಬರ್ಲೇಬೇಕು, ಒಂದು ಬಿಟ್ರೂ ಆಟೋಮ್ಯಾಟಿಕ್ ಮಾಡಬ್ಯಾಡ್ರಿ. ಮನಷ್ಯಾ ಎದುರಿಗೆ ಇದ್ದಾಗ ಸಪ್ಪಳ ಕೇಳಿ ಬಂದ್ ಮಾಡ್ತಾನ, ಮಷೀನ್ ಒಂದ ಇದ್ದಾಗ ಅದಕ್ಕ ಕಿವಿ ಇವ ನಾಲ್ಕು.

ಲೈನ್‌ಮನ್ ಜೀವದ ಮಾತು

ಇದನ್ನ ಬಿಡಿಸಿ ಹೇಳ್ತೀನಿ ಯಾಕಂದ್ರ ಬ್ಯಾರೆ ತಪ್ಪಿಗೆ ಮಷೀನ್ ಹೋಗ್ತೈತಿ, ಈ ತಪ್ಪಿಗೆ ಜೀವ ಹೋಗ್ತೈತಿ. ಜನರೇಟರ್ ಕರೆಂಟ್ ಯಾವ ಕಾರಣಕ್ಕೂ ಹೊರಗಿನ ಲೈನಿಗೆ ಹೋಗಬಾರ್ದು. ನಿಮ್ಮ 240 ವೋಲ್ಟ್ ಹಿಂದಕ್ಕ ಹರದು ಟ್ರಾನ್ಸ್‌ಫಾರ್ಮರ್ ಮುಟ್ಟಿದ್ರ ಅದು ಅತ್ತಕಡೆ 11,000 ವೋಲ್ಟ್ ಆಗಿ ಹೊರಗ ಬೀಳ್ತೈತಿ, ಲೈನ್ ಬಂದ್ ಐತಿ ಅಂತ ತಿಳ್ಕೊಂಡು ಕಂಬ ಏರಿದ ಹುಡುಗನ ಗತಿ ಏನು? ಹಂಗಾಗಿ ಮೇನ್ಸ್ ಕಂಟ್ಯಾಕ್ಟರ್, ಜನರೇಟರ್ ಕಂಟ್ಯಾಕ್ಟರ್ (ಕರೆಂಟಿಲೆ ಕೂಡೋ ಬಿಡೋ ದೊಡ್ಡ ಸ್ವಿಚ್) ಎರಡರ ನಡುವ ಒಂದು ಕೂಡಿದ್ರ ಇನ್ನೊಂದು ಕೂಡದಂಗ ತಡೆಯೋ ವೈರಿಂಗ್ ಇಂಟರ್‌ಲಾಕ್ ಇರ್ಬೇಕು, ಅದರ ಮ್ಯಾಲೆ ಒಂದು ಒತ್ತಿದ್ರ ಇನ್ನೊಂದು ಒತ್ತಾಕ ಬರ್ದಂಗ ಕಬ್ಬಿಣದ ಮೆಕ್ಯಾನಿಕಲ್ ಇಂಟರ್‌ಲಾಕ್‌ನೂ ಇರ್ಬೇಕು. ಎರಡೂ ಅಂದ್ರ ಎರಡೂ. ಕಂಟ್ಯಾಕ್ಟರ್ ಪಾಯಿಂಟ್ ಬೆಸಗಿ ಹಾಕಿದಂಗ ಅಂಟಿಕೊಂಡಾಗ ವೈರಿಂಗ್ ಇಂಟರ್‌ಲಾಕ್ ಒಂದರ ಮ್ಯಾಲೆ ಭರವಸೆ ಇಡಾಕ ಬರಂಗಿಲ್ಲ. ನ್ಯೂಟ್ರಲ್ ಸೈತ ಕಡೆಯೋ 4 ಪೋಲ್ ತಗೋರಿ. ಇದೊಂದು ಕೆಲಸ ಲೈಸೆನ್ಸ್ ಇದ್ದ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಕಡೆಯಿಂದ ಮಾಡಿಸ್ರಿ, ನನ್ನ ಪ್ಯಾನಲ್‌ನೂ ಹಂಗ ಮಾಡಿಸಿದ್ದು.

ಅರ್ಥಿಂಗ್ ಬಾಡಿಗೆ ಎರಡು, ನ್ಯೂಟ್ರಲ್‌ಗೆ ಎರಡು, ಬ್ಯಾರೆ ಬ್ಯಾರೆ. ನಮ್ಮ ಕಡೆ ಎರಿ ಮಣ್ಣು, ಬ್ಯಾಸಗಿಯೊಳಗ ಕೈ ಹೋಗೋವಷ್ಟು ಬಿರುಕು ಬಿಡ್ತೈತಿ, ಅರ್ಥಿಂಗ್ ಪೈಪ್ ಸುತ್ತಲೂ ಮಣ್ಣು ಸರದು ನಿಂತುಬಿಡ್ತೈತಿ, ಮಳಿಗಾಲದಾಗ ಛಲೋ ಇದ್ದ ಅರ್ಥಿಂಗ್ ಏಪ್ರಿಲ್‌ನ್ಯಾಗ ಹೆಸರಿಗಷ್ಟ. ಕಾಕಾಗ ಹೇಳೀನಿ, ಹೋಳಿ ಹುಣ್ಣಿವಿ ಮುಗದ ಮ್ಯಾಲೆ ವಾರಕ್ಕೊಮ್ಮಿ ಒಂದೊಂದು ಗುಂಡಿಗೆ ಎರಡು ಕೊಡ ನೀರು.

ನನ್ನ ಪ್ಯಾನಲ್‌ನ್ಯಾಗ ಈಗಿರೋ ಸೆಟ್ಟಿಂಗ್

ಹಳ್ಳಿ ಲೈನ್‌ನ್ಯಾಗ ಒಂದು ಫೇಸ್ ಹೋಗೋದು, ವೋಲ್ಟೇಜ್ ಕೆಳಗ ಬೀಳೋದು ದಿನದ ಮಾತು, ಪಂಪ್‌ಸೆಟ್ ಎಲ್ಲಾ ಒಮ್ಮಿಗೇ ಹತ್ತಿದ್ರಂತೂ ಬಲ್ಬ್ ಕೆಂಪಗ ಆಗ್ತಾವು. ಅದಕ್ಕ ಕಂಟ್ರೋಲರ್‌ಗೆ ಹಿಂಗ ಹೇಳಿಟ್ಟೀನಿ: ಫೇಸಿಗೆ 190 ವೋಲ್ಟಿಗಿಂತ ಇಳದ್ರ ಮೇನ್ಸ್ ಇಲ್ಲ ಅಂತ ಹಿಡಿ, 200 ದಾಟಿದ್ರ ಬಂತು ಅಂತ ಹಿಡಿ, ಈ 10 ವೋಲ್ಟಿನ ಅಂತರ ಇಲ್ಲಂದ್ರ ಕಂಟ್ಯಾಕ್ಟರ್ ಕಟಕಟ ಅನ್ಕೋತ ಕುಣೀತೈತಿ. ಮ್ಯಾಲಿಂದು 270ಕ್ಕ ಕಟ್, 260ಕ್ಕ ವಾಪಸ್. ಬ್ಯಾಟರಿ ಲೋ ಸಿಗ್ನಲ್ ಬಂದು 60 ಸೆಕೆಂಡ್ ಬಿಡದಂಗ ನಿಂತ್ರ ಮಾತ್ರ ಸ್ಟಾರ್ಟ್ ಮಾಡು. ಕ್ರ್ಯಾಂಕ್ (ಸೆಲ್ಫ್ ತಿರುವೋದು) 6 ಸೆಕೆಂಡ್, ನಡುವ 12 ಸೆಕೆಂಡ್ ವಿಶ್ರಾಂತಿ, ಒಟ್ಟ ಮೂರು ಸಲ, ಮೂರನೇ ಸಲನೂ ಹಿಡೀಲಿಲ್ಲಂದ್ರ ಸುಮ್ಮನ ನಿಂತು ನನಗ ಮೆಸೇಜ್ ಮಾಡು. ನಾಲ್ಕನೇ ಸಲ ಬ್ಯಾಡ, ಮೂರು ಸಲಕ್ಕ ಹಿಡೀಲಾರದ ಎಂಜಿನ್‌ನ್ಯಾಗ ಡೀಸೆಲ್ ಇಲ್ಲ, ಇಲ್ಲಾಂದ್ರ ಗಾಳಿ ಹಿಡದೈತಿ, ತಿರುವಿದಷ್ಟೂ ಬ್ಯಾಟರಿ ಸಾಯ್ತೈತಿ, ಆಮ್ಯಾಲೆ ನಾ ಹೋಗಿ ಮುಟ್ಟಿದ್ರೂ ನನಗ ತಿರುವಾಕ ಬ್ಯಾಟರಿ ಉಳಿಯಂಗಿಲ್ಲ. ಎಂಜಿನ್ ಹಿಡದ ಮ್ಯಾಲೆ 10 ಸೆಕೆಂಡ್ ಆಯಿಲ್ ಪ್ರೆಶರ್ ಅಲಾರಾಂ ನೋಡಬ್ಯಾಡ, ಪ್ರೆಶರ್ ಏರಾಕ ಅಷ್ಟು ಹೊತ್ತು ಬೇಕು, ಆಮ್ಯಾಲೆ ಒಂದು ಕ್ಷಣನೂ ಬಿಡಬ್ಯಾಡ. 30 ಸೆಕೆಂಡ್ ಬೆಚ್ಚಗಾದ ಮ್ಯಾಲೆ ಲೋಡ್ ತಗೋ. ಕರೆಂಟ್ ವಾಪಸ್ ಬಂದ್ರ 5 ಮಿನಿಟ್ ನಿಂತು ನೋಡು, ನಮ್ಮ ಕಡೆ ಬಂದ ಕರೆಂಟ್ ಎರಡು ಮಿನಿಟಿಗೆ ಮತ್ತ ಹೋಗೋದು ರೂಢಿ. ಲೋಡ್ ಬಿಟ್ಟ ಮ್ಯಾಲೆ 3 ಮಿನಿಟ್ ಖಾಲಿ ಓಡಿ ತಣ್ಣಗಾಗಿ ನಿಲ್ಲು.

ಸಣ್ಣ ಬ್ಯಾಟರಿ

ಇಷ್ಟೆಲ್ಲಾ ಮಾಡಿ, ಸೈಟ್ ಆಟೋಮ್ಯಾಟಿಕ್ ಆತು ಅಂತ ಪೇಢೆ ಹಂಚಿ ನಾಲ್ಕು ತಿಂಗಳಿಗೆ, ಒಂದು ನಸುಕಿನ್ಯಾಗ ಮೂರು ಗಂಟೆಕ್ಕ ಕಾಕಾ ಫೋನ್ ಮಾಡಿದ್ರು. "ತಮ್ಮಾ, ಟವರ್ ದೀಪ ಆರೈತಿ, ಮಷೀನ್ ಸಪ್ಪಳ ಇಲ್ಲ." ಹೋಗಿ ನೋಡಿದೆ. ಟ್ಯಾಂಕ್‌ನ್ಯಾಗ ಡೀಸೆಲ್ ತುಂಬಿತ್ತು, ಕಂಟ್ರೋಲರ್‌ನ ಪರದೆ ಕರ್ರಗ. ಸ್ಟಾರ್ಟರ್ ಬ್ಯಾಟರಿಗೆ ಮೀಟರ್ ಹಚ್ಚಿದ್ರ 7 ವೋಲ್ಟ್. ಬ್ಯಾಟರಿ ಚಾರ್ಜರ್‌ಗೆ ಹೋಗೋ ಸಣ್ಣ ಎಂಸಿಬಿ ಯಾವಾಗಲೋ ಟ್ರಿಪ್ ಆಗಿತ್ತು, ಚಾರ್ಜರ್ ಸತ್ತು ಎಷ್ಟು ದಿನ ಆಗಿತ್ತೋ, ಕಂಟ್ರೋಲರ್ ಮತ್ತ ಮೋಡೆಮ್ ಹನಿ ಹನಿ ಕುಡಕೋತ ಬ್ಯಾಟರಿ ಬರಿದು ಮಾಡಿದ್ವು. ಎಚ್ಚರಿಕಿ ಕಳಿಸಬೇಕಾದ ಮೋಡೆಮ್‌ನೂ ಅದ ಬ್ಯಾಟರಿ ಮ್ಯಾಲೆ ಇತ್ತು, ಅದೂ ಸತ್ತಿತ್ತು. ಗಾಡಿ ಬ್ಯಾಟರಿಯಿಂದ ಕೇಬಲ್ ಎಳದು ಚಾಲೂ ಮಾಡೋ ಹೊತ್ತಿಗೆ ಮೂಡಲ ಕೆಂಪಾಗಿತ್ತು.

ಅವತ್ತಿಂದ ನಾ ಆ 12 ವೋಲ್ಟ್ ಬ್ಯಾಟರಿಗೆ ಮಷೀನ್‌ಗಿಂತ ಹೆಚ್ಚು ಮರ್ಯಾದಿ ಕೊಡ್ತೀನಿ. ಚಾರ್ಜರ್ ಫ್ಲೋಟ್ 13.5 ವೋಲ್ಟ್ ಇರೋದು ತಗೋರಿ, ಗ್ಯಾರೇಜ್‌ನ ದೊಡ್ಡ ಚಾರ್ಜರ್ ಬಿಟ್ಟುಬಿಡ್ರಿ, ಅದು ನೀರು ಕುದಿಸಿ ಒಣಗಿಸ್ತೈತಿ. ಚಾರ್ಜರ್‌ನ ಕನೆಕ್ಷನ್ ಚೇಂಜ್‌ಓವರ್ (ಮೇನ್ಸ್ ಇಲ್ಲಾ ಜನರೇಟರ್ ಆರಿಸೋ ಜಾಗಾ) ಆದ ಮ್ಯಾಲಿನ ಲೋಡ್ ಕಡೆಯಿಂದ ಕೊಡ್ರಿ, ಆವಾಗ ಮೇನ್ಸ್ ಇದ್ರೂ ಚಾರ್ಜ್ ಆಗ್ತೈತಿ, ಮಷೀನ್ ಓಡಿದ್ರೂ ಆಗ್ತೈತಿ. ಶೆಡ್ ಮ್ಯಾಲೆ 20 ವ್ಯಾಟಿನ ಸಣ್ಣ ಸೋಲಾರ್ ಪ್ಯಾನಲ್ ಒಂದು ಅದರ ಚಾರ್ಜ್ ಕಂಟ್ರೋಲರ್ ಸಂಗಾಟ ಹಾಕೀನಿ, ಮೋಡ ಮುಚ್ಚಿದಾಗ ಕಡಿಮಿ ಬರ್ತೈತಿ ಖರೆ, ಆದ್ರೂ ಪೂರ್ತಿ ಸಾಯಾಕ ಬಿಡಂಗಿಲ್ಲ. 12.2 ವೋಲ್ಟಿಗೆ ಇಳದ್ರ ಅಲಾರಾಂ, ಅಂದ್ರ ಅರ್ಧ ಖಾಲಿ ಆಗಿರ್ತೈತಿ, ಹೋಗಿ ನೋಡಾಕ ಇನ್ನೂ ದಿನ ಇರ್ತಾವು. ನಿಂತ ಬ್ಯಾಟರಿ 12.6 ತೋರಿಸ್ತೈತಿ ಅಂತ ಮರುಳಾಗಬ್ಯಾಡ್ರಿ, ಸೆಲ್ಫ್ ತಿರುವೋ ಹೊತ್ತಿನ್ಯಾಗ ಮೀಟರ್ ನೋಡ್ರಿ, ಆವಾಗ 9.6ರ ಕೆಳಗ ಹೋದ್ರ ಅದರ ಆಯುಷ್ಯ ಮುಗೀತು, ಅದು ಇನ್ನೊಂದು ತಿಂಗಳು ತಿರುವಬಹುದು, ಆದ್ರ ಆಳಿಲ್ಲದ ಸೈಟಿಗೆ ಅದು ಬ್ಯಾಡ, ತಗದು ಹೊಸದು ಹಾಕ್ರಿ. ಟರ್ಮಿನಲ್ ಮ್ಯಾಲೆ ಬಿಳಿ ಹಸರು ಉಪ್ಪು ಕಟ್ಟಿದ್ರ ಬಿಸಿನೀರು ಹಾಕಿ ತಿಕ್ಕಿ, ಒಣಗಿಸಿ, ಗಟ್ಟಿ ಟೈಟ್ ಮಾಡಿ, ವ್ಯಾಸಲಿನ್ ಹಚ್ರಿ. ಮೋಡೆಮ್‌ಗೆ 48 ವೋಲ್ಟ್ ಬ್ಯಾಂಕಿನಿಂದ ಕನ್ವರ್ಟರ್ ಹಾಕಿ ಬ್ಯಾರೆ ಪವರ್ ಕೊಡ್ರಿ, ಸಣ್ಣ ಬ್ಯಾಟರಿ ಸತ್ತ ಸುದ್ದಿ ಹೇಳಾಕ ಅದು ಬದುಕಿರಬೇಕಲ್ಲ.

ಸುದ್ದಿ ಹುಬ್ಬಳ್ಳಿಗೆ ಮುಟ್ಟಬೇಕು

ಸಿಮ್ ಹಾಕೋ ಮೋಡೆಮ್ ಒಂದು, ಆರ್‌ಎಸ್485 ಮ್ಯಾಲೆ ಮಾಡ್‌ಬಸ್ ಅನ್ನೋ ಯಂತ್ರದ ಭಾಷಾದೊಳಗ ಕಂಟ್ರೋಲರ್ ಕಡೆಯಿಂದ ಓದಿ ಮೆಸೇಜ್ ಕಳಿಸ್ತೈತಿ. ನಿಮ್ಮ ಸೈಟ್ ಯಾವ ನೆಟ್‌ವರ್ಕ್‌ದೋ ಅದ ನೆಟ್‌ವರ್ಕಿನ ಸಿಮ್ ಹಾಕಬ್ಯಾಡ್ರಿ, ಸೈಟ್ ಮಲಗಿದ್ರ ಸುದ್ದಿನೂ ಮಲಗ್ತೈತಿ. ನನಗ ಬೇಕಾದ ಮೆಸೇಜ್ ಐದ: ಸ್ಟಾರ್ಟ್ ಆತು, ಸ್ಟಾರ್ಟ್ ಆಗ್ಲಿಲ್ಲ, ಡೀಸೆಲ್ ಕಾಲು ಭಾಗಕ್ಕ ಬಂತು, ಸಣ್ಣ ಬ್ಯಾಟರಿ ಇಳೀತು, ಮಷೀನ್ ನಿಂತಾಗ ಡೀಸೆಲ್ ಇಳೀಲಿಕತ್ತೈತಿ. ಈ ಕೊನೀದು ಕಳ್ಳತನದ ಸಲುವಾಗಿ, ಬಿಡಿಸಿ ಹೇಳೋದು ಬ್ಯಾಡ. ಇವುಗಳ ಮ್ಯಾಲೆ ದಿನಾ ಮುಂಜಾನೆ 7ಕ್ಕ ಒಂದು "ಎಲ್ಲಾ ಸರಿ" ಮೆಸೇಜ್ ಬರ್ಬೇಕು, ಅದು ಬರ್ಲಿಲ್ಲಂದ್ರ ಅದ ಒಂದು ಅಲಾರಾಂ. ಮೊದಲ ನಾ 20 ನಮೂನಿ ಮೆಸೇಜ್ ಇಟ್ಟಿದ್ದೆ, ಒಂದು ವಾರಕ್ಕ ಓದೋದ ಬಿಟ್ಟೆ, ಅದರಾಗ ಒಂದು ಖರೇ ಅಲಾರಾಂ ದಾಟಿ ಹೋತು. ಫೋನಿಂದ ಸ್ಟಾರ್ಟ್ ಮಾಡೋ ಸೌಲತ್ತು ಇದ್ರ ಎರಡು ನಂಬರ್‌ಗೆ ಮಾತ್ರ ಕೊಡ್ರಿ, ಬ್ಯಾರೆ ಯಾರ ಮೆಸೇಜ್ ಬಂದ್ರೂ ಕೇಳಬಾರ್ದು ಅಂತ ಸೆಟ್ ಮಾಡ್ರಿ.

ಪರೀಕ್ಷಾ ಮಾಡೋದು

ಪ್ಯಾನಲ್ ಮುಗದ ದಿನ ಮಷೀನ್ ಒಮ್ಮೆ ಚಾಲೂ ಆದ್ರ ಕೆಲಸ ಮುಗೀತು ಅಂತ ಹೊರಡಬ್ಯಾಡ್ರಿ. ಕೆಡೋದನ್ನೆಲ್ಲಾ ಕೈಯಾರೆ ಕೆಡಿಸಿ ನೋಡ್ರಿ. ಡೀಸೆಲ್ ಸೊಲೆನಾಯ್ಡ್ ವೈರ್ ಕಿತ್ತಿಟ್ಟು ಸಿಗ್ನಲ್ ಕೊಡ್ರಿ, ಮೂರು ಸಲ ತಿರುವಿ ನಿಲ್ತೈತಾ, ಮೆಸೇಜ್ ಬಂತಾ. ಓಡೋ ಮಷೀನ್‌ನ ಆಯಿಲ್ ಪ್ರೆಶರ್ ವೈರ್ ಬಾಡಿಗೆ ಮುಟ್ಟಿಸ್ರಿ, ಭಾಳಷ್ಟು ಎಂಜಿನ್‌ನ್ಯಾಗ ಪ್ರೆಶರ್ ಇಲ್ಲದಾಗ ಆ ಸ್ವಿಚ್ ಬಾಡಿಗೆ ಕೂಡ್ತೈತಿ, ತಕ್ಷಣ ನಿಲ್ಲಬೇಕು. ಎಮರ್ಜೆನ್ಸಿ ಬಟನ್ ಒತ್ರಿ. ಲೋಡ್ ಮ್ಯಾಲೆ ಓಡೋವಾಗ ಮೇನ್ಸ್ ಹಾಕಿ, ತಗದು, ಹಾಕಿ ಕಾಡ್ರಿ. ಇದಕ್ಕೆಲ್ಲಾ ಅರ್ಧ ದಿನ ಹೋಗ್ತೈತಿ, ಹೋಗ್ಲಿ.

ಆಮ್ಯಾಲೆ 15 ದಿನಕ್ಕೊಮ್ಮಿ ತಾನ ಅರ್ಧ ತಾಸು ಓಡಂಗ ಟೈಮರ್ ಹಾಕ್ರಿ, ಹಗಲ ಹೊತ್ತಿಗೆ, ಲೋಡ್ ಹಾಕಿ. ನಮ್ಮದು ಸೋಮವಾರ ಮುಂಜಾನೆ 11ಕ್ಕ, ಏನರ ಕೆಟ್ರ ವಾರ ಪೂರ್ತಿ ಅಂಗಡಿ ತಗದಿರ್ತಾವು, ಸಾಮಾನು ಸಿಗ್ತಾವು. ಡೀಸೆಲ್ ಟ್ಯಾಂಕಿನ ತಳದಾಗ ನೀರು ಕೂಡ್ತೈತಿ, ಮಳಿಗಾಲದಾಗ ತಿಂಗಳಿಗೊಮ್ಮಿ ವಾಟರ್ ಸೆಪರೇಟರ್‌ನ ಕೆಳಗಿನ ನಟ್ ಬಿಚ್ಚಿ ಬಾಟಲಿಯೊಳಗ ಹಿಡದು ನೋಡ್ರಿ, ನೀರು ಕೆಳಗ, ಡೀಸೆಲ್ ಮ್ಯಾಲೆ ನಿಲ್ತೈತಿ. ಸುಗ್ಗಿ ಟೈಮಿಗೆ ರಾಶಿ ಧೂಳ ಏರ್ ಫಿಲ್ಟರ್ ಮುಚ್ಚತೈತಿ. ಇಲಿಗೆ ಪ್ಯಾನಲ್ ಒಳಗ ಬೆಚ್ಚಗ ಆಗ್ತೈತಿ, ಕೇಬಲ್ ಹೋಗೋ ತೂತು ಒಂದೂ ಬಿಡದಂಗ ಗ್ಲ್ಯಾಂಡ್ ಹಾಕಿ ಮುಚ್ರಿ.

ಕಡೀಗೆ ಕಾಕಾನ ಮಾತು. ಆಟೋಮ್ಯಾಟಿಕ್ ಆದ ಮ್ಯಾಲೆ ಒಂದಿನ ನಾ ಹೋದಾಗ ಅವರು ಮಷೀನ್‌ನ ಬಾಗಲ ತಗದು ಫ್ಯಾನ್ ಬೆಲ್ಟ್ ಹತ್ರ ಕೂತ ಧೂಳ ಟವೆಲ್‌ಲೆ ಒರಸಾಕ ಹತ್ತಿದ್ರು, ಪ್ಯಾನಲ್ ಆಟೋ ಮ್ಯಾಲೆ ಇತ್ತು. ನನ್ನ ಎದಿ ಧಸಕ್ ಅಂತು. ಆ ಹೊತ್ತಿಗೆ ಬ್ಯಾಟರಿ ಇಳದು ಸಿಗ್ನಲ್ ಬಂದಿದ್ರ ಟವೆಲ್ ಸಂಗಾಟ ಕೈನೂ ಒಳಗ ಹೋಗ್ತಿತ್ತು. "ಕಾಕಾ, ಇದು ಈಗ ನಮ್ಮನ್ನ ಕೇಳಿ ಚಾಲೂ ಆಗೂದಿಲ್ಲರಿ" ಅಂತ ಕೂಡ್ರಿಸಿ ಹೇಳಿದೆ. ಈಗ ಮಷೀನ್‌ನ ನಾಲ್ಕೂ ಕಡೆ ಕೆಂಪು ಅಕ್ಷರದಾಗ ಬೋರ್ಡ್ ಐತಿ: ಈ ಮಷೀನ್ ಯಾವಾಗ ಬೇಕಾದ್ರೂ ತಾನ ಚಾಲೂ ಆಗ್ತೈತಿ, ಮುಟ್ಟೋ ಮುಂಚೆ ಎಮರ್ಜೆನ್ಸಿ ಒತ್ರಿ, ಬ್ಯಾಟರಿ ನೆಗೆಟಿವ್ ಬಿಚ್ರಿ. ಚಾರ್ಜರ್‌ದೂ ಸೋಲಾರ್‌ದೂ ಸ್ವಿಚ್ ಬಂದ್ ಮಾಡಿ ಆಮ್ಯಾಲೆ ಬ್ಯಾಟರಿ ಬಿಚ್ಚಬೇಕು ಅನ್ನೋದನ್ನೂ ಅವರಿಗೆ ಕೈ ಹಿಡದು ತೋರಿಸೀನಿ.

ಪ್ಯಾನಲ್ ಬಾಗಲದ ಒಳಗ ಮ್ಯಾಲಿನ ಸೆಟ್ಟಿಂಗ್ ಎಲ್ಲಾ ಒಂದು ಹಾಳಿ ಮ್ಯಾಲೆ ಬರದು ಪ್ಲಾಸ್ಟಿಕ್ ಕವರ್ ಹಾಕಿ ಹಚ್ಚೀನಿ, ವೈರಿಂಗ್ ಚಿತ್ರನೂ ಐತಿ. ಕೆಳಗ ಒಂದು ಡಬ್ಬಿಯೊಳಗ 70 ಆಂಪಿಯರ್ ರಿಲೇ ಎರಡು, 2 ಆಂಪಿಯರ್ ಫ್ಯೂಜ್ ಹತ್ತು, ಡೀಸೆಲ್ ಫಿಲ್ಟರ್ ಒಂದು, ಫ್ಯಾನ್ ಬೆಲ್ಟ್ ಒಂದು, 10 ಮತ್ತ 13 ನಂಬರ್ ಪಾನಾ, ಒಂದು ಟಾರ್ಚ್. ಅದರ ಬಾಜೂಕ ಕಾಕಾನ 200 ಪುಟದ ನೋಟ್‌ಬುಕ್, ಮಷೀನ್ ತಾನ ಓಡೋ ಸೋಮವಾರ ಮುಂಜಾನೆ ಬಂದು ಅವರು ತಾರೀಕು, ಮಷೀನ್ ಓಡಿದ ತಾಸು, ಡೀಸೆಲ್ ಎಷ್ಟು, ಸಣ್ಣ ಬ್ಯಾಟರಿ ತಿರುವೋವಾಗ ಎಷ್ಟಕ್ಕ ಇಳೀತು ಅಂತ ಬರೀತಾರ. ಹೋದ ಸೋಮವಾರದ ಸಾಲಿನ್ಯಾಗ 10.4 ಅಂತ ಐತಿ.